ಸೊಂಟದ ಕೀಲಿನ ಇಂಪ್ಲಾಂಟ್ ಬಗ್ಗೆ ಅನುಮಾನವೇ? ಮೊದಲು ಸ್ಟಿಕ್ಕರ್ ಹುಡುಕಿ

"ಅಮ್ಮನಿಗೆ 2008ರಲ್ಲಿ ಸೊಂಟದ ಕೀಲು ಬದಲಾಯಿಸಿದ್ದರು. ಈಗ ತೊಡೆಸಂದಿನಲ್ಲಿ ನೋವು ಅಂತಾರೆ. ಪೇಪರಿನಲ್ಲಿ ಬಂದಿತ್ತಲ್ಲ, ಆ ಕೆಟ್ಟ ಇಂಪ್ಲಾಂಟ್ ಅದೇನಾ? ಪರಿಹಾರ ಸಿಗುತ್ತಾ?" ಊರು ಬೇರೆ, ವಯಸ್ಸು ಬೇರೆ, ಆದರೆ ಪ್ರಶ್ನೆ ಮಾತ್ರ ಇದೇ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದು ಕಳಿಸುವ ಬದಲು ಎಲ್ಲವನ್ನೂ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಸೊಂಟದ ಕೀಲು ಬದಲಾಯಿಸಿಕೊಂಡ ಬಹುಪಾಲು ಜನ ಹದಿನೈದು, ಇಪ್ಪತ್ತು ವರ್ಷ ಚೆನ್ನಾಗಿ ಓಡಾಡಿಕೊಂಡಿರುತ್ತಾರೆ. ನೋವು ಬಂದ ತಕ್ಷಣ ಇಂಪ್ಲಾಂಟೇ ಕೆಟ್ಟಿದೆ ಅಂದುಕೊಳ್ಳಬೇಡಿ. ಬೆನ್ನುಮೂಳೆಯಿಂದಲೂ ಅದೇ ಜಾಗಕ್ಕೆ ನೋವು ಇಳಿಯುತ್ತದೆ. ಹಾಗಂತ "ವಯಸ್ಸಾಯ್ತು, ಇರುತ್ತೆ ಬಿಡಿ" ಅಂತ ಸುಮ್ಮನಾಗಲೂ ಬೇಡಿ. ಕೆಲವು ಮಾದರಿಗಳಲ್ಲಿ ತೊಂದರೆ ಇರುವುದು ನಿಜ, ಅದು ದಾಖಲೆಯಲ್ಲೇ ಇದೆ.

ಯಾವುದರ ಬಗ್ಗೆ ಮಾತಾಡ್ತಿದ್ದೇವೆ?

ನಮ್ಮ ದೇಶದಲ್ಲಿ ಹೆಚ್ಚು ಸುದ್ದಿಯಾಗಿದ್ದು ಡಿಪ್ಯೂ ಕಂಪನಿಯ ಎಎಸ್‌ಆರ್ ಅನ್ನುವ ಇಂಪ್ಲಾಂಟ್. ಡಿಪ್ಯೂ ಅಂದರೆ ಜಾನ್ಸನ್ ಆಂಡ್ ಜಾನ್ಸನ್ ಗುಂಪಿನದೇ ಕಂಪನಿ. ಇದರಲ್ಲಿ ಎರಡು ಬಗೆ ಇತ್ತು. ಒಂದು ಎಎಸ್‌ಆರ್ ಎಕ್ಸ್‌ಎಲ್, ಅಂದರೆ ಪೂರ್ತಿ ಕೀಲು ಬದಲಾಯಿಸುವುದು. ಇನ್ನೊಂದು ಎಎಸ್‌ಆರ್ ರೀಸರ್ಫೇಸಿಂಗ್, ಅಂದರೆ ತೊಡೆಮೂಳೆಯ ತಲೆ ಕತ್ತರಿಸದೆ ಅದಕ್ಕೆ ಲೋಹದ ಟೋಪಿ ಹಾಕುವುದು. ಎರಡರಲ್ಲೂ ಗುಂಡೂ ಲೋಹ, ಗುಂಡು ಕೂರುವ ಬಟ್ಟಲೂ ಲೋಹ. ಕೋಬಾಲ್ಟ್ ಮತ್ತು ಕ್ರೋಮಿಯಂ ಬೆರೆಸಿ ಮಾಡಿದ ಲೋಹ ಅದು. ಇಂಥದ್ದಕ್ಕೆ ಡಾಕ್ಟರುಗಳು "ಮೆಟಲ್ ಆನ್ ಮೆಟಲ್" ಅನ್ನುತ್ತಾರೆ.

ತೊಂದರೆ ಎಲ್ಲಿ ಅಂದರೆ, ಎಎಸ್‌ಆರ್ ಬಟ್ಟಲಿನ ಆಳ ಕಡಿಮೆ. ಕೂರಿಸುವಾಗ ಬಟ್ಟಲು ಸ್ವಲ್ಪ ಕಡಿದಾಗಿ ನಿಂತರೂ ಗುಂಡು ಅದರ ಅಂಚಿಗೆ ಉಜ್ಜುತ್ತದೆ. ಉಜ್ಜಿದ ಹಾಗೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಲೋಹದ ಪುಡಿ ಉದುರುತ್ತದೆ. ಒಂದಷ್ಟು ಪುಡಿ ಕೀಲಿನ ಸುತ್ತಲೇ ಉಳಿದು ಮಾಂಸ, ಮೂಳೆ ತಿನ್ನುತ್ತದೆ. ಒಂದಷ್ಟು ರಕ್ತಕ್ಕೆ ಸೇರುತ್ತದೆ. ಮತ್ತೆ ಆಪರೇಷನ್ ಮಾಡಿದಾಗ ಕೀಲಿನೊಳಗೆ ಎಂಜಿನ್ ಎಣ್ಣೆಯಂಥ ಕಪ್ಪು ಬೂದು ದ್ರವ ತುಂಬಿರುವುದನ್ನು ಸರ್ಜನ್‌ಗಳು ಎಷ್ಟೋ ಸಲ ಕಂಡಿದ್ದಾರೆ.

ಕಂಪನಿ 2010ರ ಆಗಸ್ಟ್‌ನಲ್ಲಿ ಪ್ರಪಂಚದಾದ್ಯಂತ ಎಎಸ್‌ಆರ್ ಅನ್ನು ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡಿತು. ಅಷ್ಟು ಹೊತ್ತಿಗೆ ಸುಮಾರು 93,000 ಜನರಿಗೆ ಹಾಕಿ ಆಗಿತ್ತು. ಬ್ರಿಟನ್ನಿನ ಕೀಲು ನೋಂದಣಿಯ ಲೆಕ್ಕದ ಪ್ರಕಾರ ಐದೇ ವರ್ಷದಲ್ಲಿ ಸುಮಾರು ನೂರಕ್ಕೆ 12-13 ಜನರಿಗೆ ಮತ್ತೆ ಆಪರೇಷನ್ ಬೇಕಾಗಿತ್ತು. ಭಾರತದಲ್ಲಿ ಸುಮಾರು 4,700 ಜನರಿಗೆ ಹಾಕಿದ್ದರು. ಕೇಂದ್ರ ಸರ್ಕಾರ ನೇಮಿಸಿದ ತಜ್ಞರ ಸಮಿತಿ 2018ರಲ್ಲಿ ವರದಿ ಕೊಟ್ಟಾಗ ಅದರಲ್ಲಿ ಸುಮಾರು 3,600 ಜನ ಎಲ್ಲಿದ್ದಾರೆ ಅನ್ನುವುದೇ ಪತ್ತೆಯಾಗಿರಲಿಲ್ಲ. ಯೋಚನೆ ಮಾಡಿ, ಅಷ್ಟೂ ಜನ ತಮ್ಮ ಮೈಯೊಳಗೆ ಏನಿದೆ ಅಂತ ಗೊತ್ತಿಲ್ಲದೆಯೇ ಇದ್ದಿರಬಹುದು. ಅವರಲ್ಲಿ ನಿಮ್ಮ ಮನೆಯವರೂ ಇರಬಹುದು. ಈ ಲೇಖನದಲ್ಲಿ ಮೊದಲ ಹಂತವೇ ಎಲ್ಲಕ್ಕಿಂತ ಉದ್ದ ಇರುವುದು ಇದೇ ಕಾರಣಕ್ಕೆ.

ಹಂತ 1: ನಿಮ್ಮೊಳಗೆ ಇರುವುದು ಯಾವ ಇಂಪ್ಲಾಂಟ್ ಅಂತ ಪತ್ತೆ ಮಾಡಿ

ಇಂಪ್ಲಾಂಟಿನ ಪ್ರತಿ ಭಾಗದ ಪೆಟ್ಟಿಗೆಯಲ್ಲೂ ಅಂಟಿಸುವ ಸಣ್ಣ ಸ್ಟಿಕ್ಕರುಗಳು ಬರುತ್ತವೆ. ಆಪರೇಷನ್ ಥಿಯೇಟರಿನಲ್ಲಿ ಪೆಟ್ಟಿಗೆ ಒಡೆದಾಗ ಅವನ್ನು ಕಿತ್ತು ರೋಗಿಯ ಕೇಸ್ ಶೀಟಿಗೆ ಅಂಟಿಸುವುದು ರೂಢಿ. ಬೆರಳಗಲದ ಬಿಳಿ ಚೀಟಿ, ಮೇಲೆ ಕಂಪನಿ ಹೆಸರು, ಭಾಗದ ಹೆಸರು, ಅಳತೆ, ಬಾರ್‌ಕೋಡ್. ಮುಖ್ಯವಾಗಿ ಎರಡು ನಂಬರ್ ಇರುತ್ತವೆ. "ರೆಫ್" ಅಂದರೆ ಮಾದರಿಯ ನಂಬರ್. "ಲಾಟ್" ಅಂದರೆ ಯಾವ ಕಂತಿನಲ್ಲಿ ತಯಾರಾಗಿದ್ದು ಅನ್ನುವ ನಂಬರ್. ಬಟ್ಟಲು, ಗುಂಡು, ತೊಡೆಮೂಳೆಯೊಳಗೆ ಇಳಿಸುವ ಕಡ್ಡಿ ಹೀಗೆ ಒಂದೊಂದಕ್ಕೂ ಬೇರೆ ಸ್ಟಿಕ್ಕರ್. ಎಲ್ಲದರ ಫೋಟೋ ತೆಗೆದಿಟ್ಟುಕೊಳ್ಳಿ. ಹಳೇ ಸ್ಟಿಕ್ಕರಿನ ಶಾಯಿ ಮಾಸುತ್ತದೆ.

ಹುಡುಕುವ ಜಾಗಗಳು ಇವು. ಮೊದಲು ಮನೆಯಲ್ಲೇ: ಡಿಸ್ಚಾರ್ಜ್ ಸಮ್ಮರಿ, ಬಿಲ್ಲು, ಎಕ್ಸ್‌ರೇ ಕವರ್, ಇಂಪ್ಲಾಂಟ್ ಕಾರ್ಡ್ ಕೊಟ್ಟಿದ್ದರೆ ಅದು. ಬಿಲ್ಲಿನಲ್ಲಿ "ಇಂಪ್ಲಾಂಟ್" ಅಂತ ಬರೀ ಒಂದು ಸಾಲು ಇದ್ದರೆ, ಅದರ ಜೊತೆಗೆ ಸರಬರಾಜು ಮಾಡಿದ ಡೀಲರಿನ ಬಿಲ್ಲೂ ಇರುತ್ತದೆ, ಅದನ್ನು ಹುಡುಕಿ. ಆಮೇಲೆ ಆಸ್ಪತ್ರೆಯ ರೆಕಾರ್ಡ್ಸ್ ವಿಭಾಗ. ಅಲ್ಲಿ ಸುಮ್ನೆ ಡಿಸ್ಚಾರ್ಜ್ ಸಮ್ಮರಿ ಕೇಳಿದರೆ ಸಾಲದು. ಪೂರ್ತಿ ಕೇಸ್ ಶೀಟ್, ಆಪರೇಷನ್ ನೋಟ್ಸ್, ಇಂಪ್ಲಾಂಟ್ ಸ್ಟಿಕ್ಕರ್ ಇರುವ ಪುಟ ಅಂತ ಬಿಡಿಸಿ ಕೇಳಿ.

ಬಾಯಲ್ಲಿ ಕೇಳಬೇಡಿ, ಬರೆದು ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ವೈದ್ಯರ ನಡವಳಿಕೆಯ ಬಗ್ಗೆ 2002ರ ನಿಯಮಗಳು ಸ್ಪಷ್ಟವಾಗಿವೆ: ರೋಗಿ ಅಥವಾ ಅವರು ಅಧಿಕಾರ ಕೊಟ್ಟವರು ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಆದರೆ ಅದೇ ನಿಯಮದಲ್ಲಿ ದಾಖಲೆ ಇಟ್ಟುಕೊಳ್ಳಬೇಕಾದ ಅವಧಿ ಮೂರೇ ವರ್ಷ. "ಹಳೇದು, ನಾಶ ಮಾಡಿದ್ದೇವೆ" ಅನ್ನುವ ಉತ್ತರ ಬರುವುದು ಇದರಿಂದಲೇ. ಆ ಮಾತನ್ನು ಬಾಯಿಮಾತಿಗೆ ಬಿಡಬೇಡಿ, ಬರವಣಿಗೆಯಲ್ಲಿ ಕೇಳಿ. ನಮ್ಮ ದೊಡ್ಡಮ್ಮನ ವಿಷಯದಲ್ಲಿ ಆಸ್ಪತ್ರೆಯವರು ಎರಡು ಸಲ ಹೀಗೇ ಹೇಳಿ ಕಳಿಸಿದ್ದರು. "ಹಾಗಾದರೆ ನಾಶ ಮಾಡಿದ್ದೇವೆ ಅಂತ ಬರೆದುಕೊಡಿ" ಅಂದ ಮೇಲೆ ಗೋಡೌನಿನಿಂದ ಫೈಲು ಬಂತು. ಸ್ಟಿಕ್ಕರುಗಳು ಅರಿವಳಿಕೆ ಹಾಳೆಯ ಹಿಂಬದಿಗೆ ಅಂಟಿಕೊಂಡಿದ್ದವು. ಅವರದು ಎಎಸ್‌ಆರ್ ಆಗಿರಲಿಲ್ಲ, ಮನೆಯವರೆಲ್ಲ ಅವತ್ತು ರಾತ್ರಿ ನೆಮ್ಮದಿಯಾಗಿ ಮಲಗಿದೆವು.

ಆಸ್ಪತ್ರೆಯಲ್ಲಿ ನಿಜಕ್ಕೂ ಇಲ್ಲದಿದ್ದರೆ? ಆಪರೇಷನ್ ಖರ್ಚು ಯಾರು ಕೊಟ್ಟರು ಅಂತ ನೆನಪು ಮಾಡಿಕೊಳ್ಳಿ. ವಿಮೆಯಾದರೆ ವಿಮಾ ಕಂಪನಿಯ ಕ್ಲೇಮ್ ಫೈಲು, ಬ್ಯಾಂಕು, ರೈಲ್ವೆ ಅಥವಾ ಸರ್ಕಾರಿ ನೌಕರಿಯಾಗಿದ್ದರೆ ಆಫೀಸಿನ ವೈದ್ಯಕೀಯ ಮರುಪಾವತಿ ಫೈಲು, ಇಎಸ್‌ಐ ಆದರೆ ಅವರ ದಾಖಲೆ. ಅಲ್ಲಿ ಮೂಲ ಬಿಲ್ಲು, ಎಷ್ಟೋ ಸಲ ಸ್ಟಿಕ್ಕರಿನ ನಕಲೂ ಇರುತ್ತದೆ. ಆಪರೇಷನ್ ಮಾಡಿದ ಡಾಕ್ಟರು ತಮ್ಮದೇ ಪಟ್ಟಿ ಇಟ್ಟಿರಬಹುದು, ಅವರು ಆಸ್ಪತ್ರೆ ಬಿಟ್ಟಿದ್ದರೂ ಹುಡುಕಿ ಕೇಳಿ. ಕೊನೆಗೆ ಎಕ್ಸ್‌ರೇ. ಅನುಭವಸ್ಥ ಮೂಳೆ ಡಾಕ್ಟರು ಎಕ್ಸ್‌ರೇ ನೋಡಿಯೇ ಲೋಹದ ಮೇಲೆ ಲೋಹವೋ, ನಡುವೆ ಪ್ಲಾಸ್ಟಿಕ್ ಇದೆಯೋ ಅಂತ ಸಾಮಾನ್ಯವಾಗಿ ಹೇಳಬಲ್ಲರು.

ಇಲ್ಲಿ ಜನ ಮಾಡುವ ತಪ್ಪು ಎರಡು. ಡಿಪ್ಯೂ ಅಂತ ಕಂಡ ಕೂಡಲೇ ಎಎಸ್‌ಆರ್ ಅಂದುಕೊಳ್ಳುವುದು ಒಂದು. ಆ ಕಂಪನಿಯ ಬೇರೆ ಮಾದರಿಗಳು ಬಹಳ ಇವೆ. ಎಎಸ್‌ಆರ್ ಅಲ್ಲ ಅಂದ ಕೂಡಲೇ ಪೂರ್ತಿ ಮರೆತುಬಿಡುವುದು ಇನ್ನೊಂದು. ಬೇರೆ ಕಂಪನಿಗಳದ್ದೂ ವಾಪಸ್ ಆಗಿವೆ. ಸ್ಟ್ರೈಕರ್‌ನ ರಿಜುವನೇಟ್ ಮತ್ತು ಎಬಿಜಿ 2 ಮಾದರಿಗಳನ್ನು 2012ರಲ್ಲಿ ವಾಪಸ್ ಪಡೆದರು. ಸ್ಮಿತ್ ಆಂಡ್ ನೆಫ್ಯೂ ತನ್ನ ಬರ್ಮಿಂಗ್‌ಹ್ಯಾಮ್ ರೀಸರ್ಫೇಸಿಂಗ್ ಅನ್ನು ಹೆಂಗಸರಿಗೆ ಮತ್ತು ಸಣ್ಣ ಅಳತೆಯವರಿಗೆ ಕೊಡುವುದನ್ನು 2015ರಲ್ಲಿ ನಿಲ್ಲಿಸಿತು. ನಿಮ್ಮ ರೆಫ್ ನಂಬರ್ ಹಿಡಿದು ಡಾಕ್ಟರ ಹತ್ತಿರ "ಇದು ಎಲ್ಲಾದರೂ ವಾಪಸ್ ಆಗಿದೆಯಾ?" ಅಂತ ನೇರವಾಗಿ ಕೇಳಿ.

ಹಂತ 2: ಮೈ ಏನು ಹೇಳುತ್ತಿದೆ ಅಂತ ಬರೆದಿಡಿ

ಕೀಲಿನ ಸುತ್ತ ಕಾಣುವ ಲಕ್ಷಣಗಳು ಸಾಮಾನ್ಯವಾಗಿ ಇವು: ತೊಡೆಸಂದಿನಲ್ಲಿ ನೋವು, ಪೃಷ್ಠದ ಅಥವಾ ತೊಡೆಯ ಪಕ್ಕ ಊತ, ಕುಂಟು, ನಡೆಯುವಾಗ ಟಕ್ ಅನ್ನುವುದು ಅಥವಾ ಕಿರುಗುಟ್ಟುವುದು, ಕೀಲು ಜಾರಿದ ಹಾಗೆ ಆಗುವುದು. ಗಂಟಿನ ಹಾಗೆ ಊದಿಕೊಂಡಿದ್ದರೆ ಡಾಕ್ಟರು "ಸ್ಯೂಡೋಟ್ಯೂಮರ್" ಅನ್ನಬಹುದು. ಹೆಸರು ಕೇಳಿ ಹೆದರಬೇಡಿ, ಅದು ಕ್ಯಾನ್ಸರ್ ಅಲ್ಲ. ಲೋಹದ ಪುಡಿಗೆ ಮೈ ಸಿಟ್ಟಾಗಿ ಕಟ್ಟಿಕೊಂಡ ಗಡ್ಡೆ. ಆದರೆ ಬಿಟ್ಟರೆ ಸುತ್ತಲಿನ ಸ್ನಾಯು ಹಾಳಾಗುತ್ತದೆ, ಆಮೇಲೆ ಎಷ್ಟು ಚೆಂದ ಆಪರೇಷನ್ ಮಾಡಿದರೂ ಕುಂಟು ಪೂರ್ತಿ ಹೋಗುವುದಿಲ್ಲ.

ಇನ್ನೊಂದು ಬಗೆಯ ಲಕ್ಷಣ ಸೊಂಟದಿಂದ ದೂರದಲ್ಲಿ ಕಾಣುತ್ತದೆ, ಹಾಗಾಗಿ ಯಾರೂ ಎರಡನ್ನೂ ಸೇರಿಸಿ ನೋಡುವುದಿಲ್ಲ. ರಕ್ತದಲ್ಲಿ ಕೋಬಾಲ್ಟ್ ತುಂಬಾ ಜಾಸ್ತಿಯಾದರೆ ಕಿವಿ ಮಂದವಾಗುವುದು, ಕಣ್ಣು ಮಬ್ಬಾಗುವುದು, ಕೈಕಾಲು ಜೋಮು, ಥೈರಾಯ್ಡ್ ಕುಗ್ಗುವುದು, ಮರೆವು, ಹೃದಯದ ಸ್ನಾಯು ದುರ್ಬಲವಾಗಿ ಏದುಸಿರು, ಕಾಲು ಬಾವು ಬರಬಹುದು. ಇವು ಅಪರೂಪ. ಆದರೆ ಮೆಟಲ್ ಆನ್ ಮೆಟಲ್ ಇರುವವರು ಹೃದಯದ ಡಾಕ್ಟರ ಹತ್ತಿರ ಹೋದಾಗ "ನನಗೆ ಸೊಂಟದಲ್ಲಿ ಲೋಹದ ಕೀಲು ಇದೆ" ಅಂತ ಮೊದಲೇ ಹೇಳಬೇಕು. ಅವರಾಗಿ ಕೇಳುವ ಸಂಭವ ಕಡಿಮೆ.

ಒಂದು ನೋಟ್‌ಬುಕ್ ಇಡಿ. ತಾರೀಖು, ನೋವು ಎಲ್ಲಿ, ಎಷ್ಟು ಹೆಜ್ಜೆ ನಡೆದ ಮೇಲೆ, ಮೆಟ್ಟಿಲು ಹತ್ತಲು ಆಯಿತೇ, ಬಸ್ ಹತ್ತಲು ಆಯಿತೇ, ಯಾವ ಮಾತ್ರೆ, ಯಾವ ಡಾಕ್ಟರಿಗೆ ತೋರಿಸಿದಿರಿ. ಇದು ಡಾಕ್ಟರಿಗೂ ಬೇಕು, ಮುಂದೆ ವಕೀಲರಿಗೂ ಬೇಕು.

ಕಾಯಬಾರದ ಸಂದರ್ಭ: ಜ್ವರದ ಜೊತೆ ಕೀಲು ಕೆಂಪಾಗಿ ಊದಿದರೆ, ಗಾಯದಿಂದ ಕೀವು ಬಂದರೆ, ಇದ್ದಕ್ಕಿದ್ದಂತೆ ಕಾಲೂರಲು ಆಗದಿದ್ದರೆ, ಉಸಿರಾಟಕ್ಕೆ ತೊಂದರೆಯಾದರೆ ಅವತ್ತೇ ಆಸ್ಪತ್ರೆಗೆ ಹೋಗಿ. ದಾಖಲೆ ಆಮೇಲೆ.

ಹಂತ 3: ಸರಿಯಾದ ಪರೀಕ್ಷೆ ಮಾಡಿಸಿ

ನೋವಿಲ್ಲದಿದ್ದರೂ ಎಎಸ್‌ಆರ್ ಇರುವವರು ಇಂಪ್ಲಾಂಟ್ ಒಳಗಿರುವವರೆಗೂ ವರ್ಷಕ್ಕೊಮ್ಮೆ ತೋರಿಸಿಕೊಳ್ಳಬೇಕು ಅಂತ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆಯ ಸಲಹೆ. ನಮ್ಮ ಡಾಕ್ಟರುಗಳೂ ಅದನ್ನೇ ಆಧಾರವಾಗಿ ಇಟ್ಟುಕೊಳ್ಳಬಹುದು. ಮುಖ್ಯವಾಗಿ ಮೂರು ಪರೀಕ್ಷೆ.

ಎಕ್ಸ್‌ರೇ: ಬಟ್ಟಲು ಎಷ್ಟು ಓರೆಯಾಗಿದೆ, ಸಡಿಲವಾಗಿದೆಯೇ, ಮೂಳೆ ಕರಗಿದೆಯೇ ಅಂತ ತಿಳಿಯಲು. ಹಳೆಯ ಎಕ್ಸ್‌ರೇ ಜೊತೆ ಹೋಲಿಸಿದರೆ ಮಾತ್ರ ಪೂರ್ತಿ ಪ್ರಯೋಜನ, ಹಾಗಾಗಿ ಹಳೇದು ಎಸೆಯಬೇಡಿ.

ರಕ್ತ ಪರೀಕ್ಷೆ: ಕೋಬಾಲ್ಟ್ ಮತ್ತು ಕ್ರೋಮಿಯಂ ಎರಡೂ. ಮಾಮೂಲಿ ಟ್ಯೂಬಿನಲ್ಲಿ ತೆಗೆದರೆ ಟ್ಯೂಬಿನ, ಸೂಜಿಯ ಲೋಹವೇ ಲೆಕ್ಕಕ್ಕೆ ಸೇರಿ ತಪ್ಪು ಬರಬಹುದು. "ಟ್ರೇಸ್ ಎಲಿಮೆಂಟ್ ಟ್ಯೂಬ್ ಇದೆಯಾ?" ಅಂತ ಲ್ಯಾಬಿನವರನ್ನು ಮೊದಲೇ ಕೇಳಿ. ಒಂದು ಲೀಟರ್ ರಕ್ತಕ್ಕೆ 7 ಮೈಕ್ರೋಗ್ರಾಂ ದಾಟಿದರೆ ಗಮನ ಕೊಡಲೇಬೇಕು ಅಂತ ಅದೇ ಬ್ರಿಟಿಷ್ ಸಂಸ್ಥೆ ಗೆರೆ ಹಾಕಿದೆ. ವರದಿಯಲ್ಲಿ ಅಳತೆ "ಪಿಪಿಬಿ" ಅಂತ ಇದ್ದರೂ ಅದೇ ಲೆಕ್ಕ. ಒಂದೇ ಸಲದ ನಂಬರ್ ನೋಡಿ ತೀರ್ಮಾನಕ್ಕೆ ಬರುವುದಿಲ್ಲ, ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಿ ಏರುತ್ತಿದೆಯೇ ಅಂತ ನೋಡುತ್ತಾರೆ. ಕೋಬಾಲ್ಟ್ ಹೊರಹೋಗುವುದು ಮೂತ್ರದಲ್ಲಿ. ಹಾಗಾಗಿ ಕಿಡ್ನಿ ತೊಂದರೆ ಇದ್ದರೆ ಮುಚ್ಚಿಡದೆ ಹೇಳಿ, ನಂಬರಿನ ಅರ್ಥವೇ ಬದಲಾಗುತ್ತದೆ.

ಎಂಆರ್‌ಐ: ಲೋಹ ಇದ್ದರೆ ಮಾಮೂಲಿ ಎಂಆರ್‌ಐ ಚಿತ್ರ ಚದುರಿಹೋಗುತ್ತದೆ. "ಮಾರ್ಸ್ ಎಂಆರ್‌ಐ" ಅಂತ ಒಂದು ವಿಧಾನ ಇದೆ, ಲೋಹದ ಅಡ್ಡಿ ಕಡಿಮೆ ಮಾಡಿ ತೆಗೆಯುವುದು. ಅದು ಹತ್ತಿರದಲ್ಲಿ ಸಿಗದಿದ್ದರೆ ಅಲ್ಟ್ರಾಸೌಂಡ್. ರಕ್ತದ ನಂಬರ್ ಕಡಿಮೆ ಇದ್ದೂ ಒಳಗೆ ಗಡ್ಡೆ ಬೆಳೆದಿರುವವರು ಇದ್ದಾರೆ. ಆದ್ದರಿಂದ ರಕ್ತ ಒಂದೇ ನೋಡಿ "ಏನಿಲ್ಲ ಹೋಗಿ" ಅಂದರೆ ಒಪ್ಪಿಕೊಳ್ಳಬೇಡಿ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ರಕ್ತದಲ್ಲಿರುವ ಲೋಹ ಕರಗಿಸಿ ತೆಗೆಯುತ್ತೇವೆ, ಡೀಟಾಕ್ಸ್ ಮಾಡುತ್ತೇವೆ ಅಂತ ಸಾವಿರಾರು ರೂಪಾಯಿ ಕೇಳುವವರು ಬರುತ್ತಾರೆ. ದಯವಿಟ್ಟು ಬೇಡ. ಕೀಲು ಉಜ್ಜುತ್ತಲೇ ಇದ್ದರೆ ಲೋಹ ಬರುತ್ತಲೇ ಇರುತ್ತದೆ. ನಲ್ಲಿ ತೆರೆದಿಟ್ಟು ನೆಲ ಒರೆಸಿದ ಹಾಗೆ ಅದು. ಕೆಟ್ಟ ಇಂಪ್ಲಾಂಟ್ ತೆಗೆದ ಮೇಲೆ ನಂಬರ್ ತಾನಾಗಿ ಇಳಿಯುತ್ತದೆ.

ಹಂತ 4: ಮತ್ತೆ ಆಪರೇಷನ್ ಅಂದರೆ, ತೆಗೆದ ಭಾಗ ಕಾಪಾಡಿ

ಇಂಪ್ಲಾಂಟ್ ತೆಗೆದು ಬೇರೆ ಹಾಕುವುದಕ್ಕೆ "ರಿವಿಜನ್" ಅನ್ನುತ್ತಾರೆ. ಇದು ಮೊದಲ ಆಪರೇಷನ್ನಿಗಿಂತ ಕಷ್ಟದ್ದು, ರಕ್ತ ಜಾಸ್ತಿ ಹೋಗುತ್ತದೆ, ಸೋಂಕಿನ ಮತ್ತು ಕೀಲು ಜಾರುವ ಅಪಾಯ ಜಾಸ್ತಿ. ರಿವಿಜನ್ ತುಂಬಾ ಮಾಡಿದ ಸರ್ಜನ್ ಹತ್ತಿರ ಎರಡನೇ ಅಭಿಪ್ರಾಯ ಕೇಳಿ. ಹೆದರಿ ಬೇಗ ಮಾಡಿಸುವುದೂ ಬೇಡ, ಪರಿಹಾರದ ಆಸೆಗೆ ಮಾಡಿಸುವುದಂತೂ ಬೇಡವೇ ಬೇಡ. ಸ್ಕ್ಯಾನಿನಲ್ಲಿ ಮಾಂಸ ಹಾಳಾಗುತ್ತಿರುವುದು ಕಂಡರೆ ಮಾತ್ರ ತಡ ಮಾಡಬೇಡಿ.

ಆಪರೇಷನ್ನಿಗೆ ಮುಂಚೆ ಆಸ್ಪತ್ರೆಗೆ ಒಂದು ಪತ್ರ ಕೊಡಿ: "ತೆಗೆದ ಇಂಪ್ಲಾಂಟಿನ ಎಲ್ಲ ಭಾಗ ನನಗೆ ಬೇಕು. ನನ್ನ ಲಿಖಿತ ಒಪ್ಪಿಗೆ ಇಲ್ಲದೆ ಎಸೆಯಬಾರದು, ಯಾರಿಗೂ ಕೊಡಬಾರದು." ಕಂಪನಿಯ ಪ್ರತಿನಿಧಿ ಪರೀಕ್ಷೆಗೆ ಅಂತ ಒಯ್ಯುವುದುಂಟು. ಒಯ್ದ ಮೇಲೆ ನಿಮ್ಮ ಅತಿ ದೊಡ್ಡ ಸಾಕ್ಷಿ ಎದುರಾಳಿಯ ಕೈಯಲ್ಲಿ. ತೆಗೆದ ಮಾಂಸದ ತುಣುಕಿನ ಪ್ಯಾಥಾಲಜಿ ವರದಿ, ಆಪರೇಷನ್ ವೇಳೆ ತೆಗೆದ ಫೋಟೋ, ಸರ್ಜನ್ ಕಂಡಿದ್ದರ ವಿವರ ಇರುವ ನೋಟ್ಸ್ ಮೂರನ್ನೂ ಕೇಳಿ. ಇಂಪ್ಲಾಂಟ್ ಕೈಗೆ ಬಂದಾಗ ಮುಚ್ಚಿದ ಡಬ್ಬಿಯಲ್ಲಿ ಹೆಸರು, ತಾರೀಖು ಬರೆಸಿ ಆಸ್ಪತ್ರೆಯ ಮೊಹರಿನೊಂದಿಗೆ ತೆಗೆದುಕೊಳ್ಳಿ. ಮನೆಗೆ ತಂದು ಉಜ್ಜಿ ತೊಳೆಯಬೇಡಿ.

ಹಂತ 5: ಸರ್ಕಾರದ ಪರಿಹಾರದ ದಾರಿ (ಎಎಸ್‌ಆರ್ ಇರುವವರಿಗೆ)

2018ರಲ್ಲಿ ಹೊರಬಂದ ತಜ್ಞರ ವರದಿ ಪ್ರತಿಯೊಬ್ಬ ಬಾಧಿತರಿಗೂ ಕಡಿಮೆ ಅಂದರೂ 20 ಲಕ್ಷ ರೂಪಾಯಿ ಕೊಡಿಸಬೇಕು ಅಂತ ಹೇಳಿತು. ಅದೇ ವರ್ಷ ನವೆಂಬರ್‌ನಲ್ಲಿ ಸರ್ಕಾರ ಒಂದು ಲೆಕ್ಕದ ಸೂತ್ರ ಒಪ್ಪಿತು. ವಯಸ್ಸು, ಅಂಗವೈಕಲ್ಯದ ಪ್ರಮಾಣ ನೋಡಿ ಸುಮಾರು 30 ಲಕ್ಷದಿಂದ 1.23 ಕೋಟಿವರೆಗೆ. ವಯಸ್ಸು ಕಡಿಮೆ ಇದ್ದಷ್ಟೂ, ವೈಕಲ್ಯ ಜಾಸ್ತಿ ಇದ್ದಷ್ಟೂ ಮೊತ್ತ ಜಾಸ್ತಿ. ಕಂಪನಿ ಇದನ್ನು ಒಪ್ಪದೆ ದೆಹಲಿ ಹೈಕೋರ್ಟಿಗೆ ಹೋಯಿತು. 2019ರ ಮೇ ತಿಂಗಳಲ್ಲಿ, ರಿವಿಜನ್ ಆಗಿ ಪರಿಶೀಲನೆ ಮುಗಿದಿದ್ದ 67 ಜನರಿಗೆ ತಲಾ 25 ಲಕ್ಷ ಕೊಡಲು ಕಂಪನಿ ಅದೇ ಕೋರ್ಟಿನಲ್ಲಿ ಮುಂದೆ ಬಂತು. ಪೇಪರಿನಲ್ಲಿ ಒಂದು ಕೋಟಿ ಅಂತ ಓದಿ ನಾಳೆಯೇ ಚೆಕ್ ಬರುತ್ತದೆ ಅಂತ ಸಾಲ ಮಾಡಬೇಡಿ. ಇದು ಕೋರ್ಟು ಮೆಟ್ಟಿಲು ಹತ್ತಿದ ವಿಷಯ.

ಅರ್ಜಿಯನ್ನು ರಾಜ್ಯ ಔಷಧ ನಿಯಂತ್ರಕರ ಕಚೇರಿಯ ಮೂಲಕ ಅಥವಾ ದೆಹಲಿಯ ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಗೆ ಕಳಿಸಿ. ಕಳಿಸುವ ಮುಂಚೆ ಈಗ ಯಾವ ಸಮಿತಿ, ಯಾವ ನಮೂನೆ ಅಂತ ಅವರಿಂದಲೇ ಬರವಣಿಗೆಯಲ್ಲಿ ತಿಳಿದುಕೊಳ್ಳಿ. ಜೊತೆಗೆ ಬೇಕಾಗುವುದು: ಗುರುತಿನ ಚೀಟಿ, ಸ್ಟಿಕ್ಕರ್ ಇರುವ ದಾಖಲೆ, ಮೊದಲ ಆಪರೇಷನ್ ಮತ್ತು ರಿವಿಜನ್ ದಾಖಲೆ, ರಕ್ತ ಮತ್ತು ಸ್ಕ್ಯಾನ್ ವರದಿ, ಖರ್ಚಿನ ಬಿಲ್ಲು, ಸಂಬಳ ನಿಂತಿದ್ದರೆ ಅದರ ಪುರಾವೆ, ಸರ್ಕಾರಿ ಆಸ್ಪತ್ರೆಯಿಂದ ಪಡೆದ ಅಂಗವೈಕಲ್ಯ ಪ್ರಮಾಣಪತ್ರ. ಕೊನೆಯದಕ್ಕೆ ಸಮಯ ಹಿಡಿಯುತ್ತದೆ, ಇವತ್ತೇ ಶುರು ಮಾಡಿ. ಎಲ್ಲೂ ಮೂಲ ಪ್ರತಿ ಕೊಡಬೇಡಿ, ನಕಲಷ್ಟೇ.

ಕಂಪನಿ ಕಡೆಯಿಂದ ಯಾರಾದರೂ ಪರೀಕ್ಷೆಯ ಖರ್ಚು ಕೊಡುತ್ತೇವೆ, ಒಂದು ಸಹಿ ಹಾಕಿ ಅಂದರೆ, ಆ ಕಾಗದದಲ್ಲಿ "ಮುಂದೆ ಯಾವುದೇ ಹಕ್ಕು ಕೇಳುವುದಿಲ್ಲ" ಅನ್ನುವ ಸಾಲು ಇದೆಯಾ ಅಂತ ನೋಡಿ. ಇದ್ದರೆ ವಕೀಲರಿಗೆ ತೋರಿಸದೆ ಪೆನ್ನು ಮುಟ್ಟಬೇಡಿ. ಇಂಗ್ಲಿಷ್ ಅರ್ಥವಾಗದಿದ್ದರೆ ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳಿ, ನಾಚಿಕೆ ಏಕೆ?

ಹಂತ 6: ಗ್ರಾಹಕ ಆಯೋಗ

ಎಎಸ್‌ಆರ್ ಅಲ್ಲದ ಇಂಪ್ಲಾಂಟ್ ಇರುವವರಿಗೆ ಮುಖ್ಯ ದಾರಿ ಇದೇ. 2019ರ ಗ್ರಾಹಕ ರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂತು. ಅದರಲ್ಲಿ "ಉತ್ಪನ್ನ ಹೊಣೆಗಾರಿಕೆ" ಅಂತ ಒಂದು ಅಧ್ಯಾಯವೇ ಇದೆ. ದೋಷ ಇರುವ ವಸ್ತುವಿನಿಂದ ಆದ ನಷ್ಟಕ್ಕೆ ತಯಾರಕ ಹೊಣೆ ಅನ್ನುವುದು ಅದರ ಸಾರ. ಆಪರೇಷನ್ ಅದಕ್ಕೂ ಹಳೆಯದಾದರೆ 1986ರ ಕಾಯ್ದೆಯ "ದೋಷಯುಕ್ತ ಸರಕು" ಅನ್ನುವ ವಾದ ಹಿಡಿಯಬೇಕಾಗಬಹುದು, ವಕೀಲರಲ್ಲಿ ಕೇಳಿ.

ನೀವು ವಾಸ ಇರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಆಪರೇಷನ್ ಮುಂಬೈಯಲ್ಲಿ ಆಗಿದ್ದು ನೀವು ಹಾವೇರಿಯಲ್ಲಿದ್ದರೆ ಹಾವೇರಿಯಲ್ಲೇ. ನೀವು ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗ. ಇಲ್ಲಿ ನೋಡುವುದು ಕೊಟ್ಟ ಹಣವನ್ನು, ಕೇಳುವ ಪರಿಹಾರವನ್ನಲ್ಲ. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕವೇ ಇಲ್ಲ. ಆನ್‌ಲೈನ್‌ನಲ್ಲೂ ದೂರು ಸಲ್ಲಿಸಬಹುದು. ಗೊಂದಲ ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

"ವಿಮೆಯವರು ದುಡ್ಡು ಕೊಟ್ಟಿದ್ದು, ನಾನು ಗ್ರಾಹಕ ಹೇಗೆ?" ಅಂತ ಹಲವರ ಅನುಮಾನ. ವಿಮೆಯೋ ಕೆಲಸ ಕೊಟ್ಟವರೋ ಹಣ ಕಟ್ಟಿದ್ದರೂ ನೀವು ಗ್ರಾಹಕರೇ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಇಎಸ್‌ಐ ಚಿಕಿತ್ಸೆಯೂ ಸೇರುತ್ತದೆ ಅಂತ 2007ರಲ್ಲಿ ಹೇಳಿತು. ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡುವ ಸರ್ಕಾರಿ ಆಸ್ಪತ್ರೆಯ ಸೇವೆ ಮಾತ್ರ ಇದರಲ್ಲಿ ಬರುವುದಿಲ್ಲ.

ಜನ ಎಡವುವುದು ಅವಧಿಯಲ್ಲಿ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡೇ ವರ್ಷ. ಎದುರು ಪಕ್ಷ "ಆಪರೇಷನ್ ಆಗಿದ್ದು 2008ರಲ್ಲಿ, ಅವಧಿ ಮುಗಿದಿದೆ" ಅಂತ ವಾದಿಸುತ್ತದೆ. ನಿಮ್ಮ ವಾದ, ದೋಷ ಗೊತ್ತಾದ ದಿನದಿಂದ ಲೆಕ್ಕ ಹಿಡಿಯಬೇಕು ಅಂತ. ಹಾಗಾಗಿ ಗೊತ್ತಾದ ದಿನಕ್ಕೆ ಕಾಗದದ ಪುರಾವೆ ಬೇಕು: ಮೊದಲ ರಕ್ತ ವರದಿ, ಡಾಕ್ಟರು ಬರೆದ ಚೀಟಿ, ಆಸ್ಪತ್ರೆ ದಾಖಲೆ ಕೊಟ್ಟ ತಾರೀಖು. ತಡವಾಗಿದ್ದರೆ ಕಾರಣ ಬರೆದು ಮನ್ನಿಸಿ ಅಂತ ಬೇರೆ ಅರ್ಜಿ ಹಾಕಬಹುದು, ಆದರೆ ಅದನ್ನೇ ನಂಬಿಕೊಂಡು ಕೂರಬೇಡಿ.

ದೂರಿನಲ್ಲಿ ಯಾರನ್ನು ಸೇರಿಸಬೇಕು? ತಯಾರಕ, ಆಮದು ಮಾಡಿದವರು, ಆಸ್ಪತ್ರೆ. ಡಾಕ್ಟರನ್ನು ಸಿಟ್ಟಿನಲ್ಲಿ ಸೇರಿಸುವ ಮುಂಚೆ ಯೋಚಿಸಿ. ಅವತ್ತು ಪರವಾನಗಿ ಇದ್ದ ಇಂಪ್ಲಾಂಟನ್ನು ನಂಬಿ ಹಾಕಿದ್ದರೆ ಅದು ಅವರ ನಿರ್ಲಕ್ಷ್ಯ ಅಲ್ಲ. ಮೇಲಾಗಿ ನಿಮ್ಮ ಪರ ಸಾಕ್ಷಿ ಹೇಳಬಲ್ಲವರು ಅವರೇ ಆಗಿರಬಹುದು. ವಾಪಸ್ ಆದ ವಿಷಯ ಗೊತ್ತಿದ್ದೂ ಮುಚ್ಚಿಟ್ಟಿದ್ದರೆ ಮಾತು ಬೇರೆ.

ವಕೀಲರಿಗೆ ಕೊಡಲು ಹಣ ಇಲ್ಲ ಅಂತ ಬಿಡಬೇಡಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ವರಮಾನ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಹಕ್ಕು. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ. ಫೋನ್ 15100.

ಹಂತ 7: ಸರ್ಕಾರಕ್ಕೆ ವರದಿ ಮಾಡಿ

ವೈದ್ಯಕೀಯ ಸಾಧನಗಳಿಂದ ಆಗುವ ತೊಂದರೆ ದಾಖಲಿಸಲು 2015ರಿಂದ ಮೆಟೀರಿಯೋವಿಜಿಲೆನ್ಸ್ ಅನ್ನುವ ಕಾರ್ಯಕ್ರಮ ಇದೆ. ರೋಗಿಯೇ ಹೇಳಬಹುದು, ಸಹಾಯವಾಣಿ 1800 180 3024. ಇದರಿಂದ ನಿಮಗೆ ಹಣ ಬರುವುದಿಲ್ಲ. ಆದರೆ ಒಂದೇ ಮಾದರಿಯ ಮೇಲೆ ಹತ್ತು ಕಡೆಯಿಂದ ವರದಿ ಬಂದರೆ ಹನ್ನೊಂದನೆಯವರಿಗೆ ಅದನ್ನು ಹಾಕುವುದು ನಿಲ್ಲಬಹುದು. ಕೊಟ್ಟ ನೋಂದಣಿ ಸಂಖ್ಯೆ ಫೈಲಿನಲ್ಲಿಡಿ.

ಆಪರೇಷನ್ ಹೊರದೇಶದಲ್ಲಿ ಆಗಿದ್ದರೆ

ಲಂಡನ್‌ನಲ್ಲೋ ಸಿಡ್ನಿಯಲ್ಲೋ ಮಕ್ಕಳ ಜೊತೆ ಇದ್ದಾಗ ಅಲ್ಲೇ ಆಪರೇಷನ್ ಮಾಡಿಸಿಕೊಂಡವರಿಗೆ ಅಲ್ಲಿನ ಕಾನೂನೇ ನೋಡಬೇಕು. ಎಎಸ್‌ಆರ್ ವಿಷಯದಲ್ಲಿ ಅಮೆರಿಕದಲ್ಲಿ 2013ರಲ್ಲಿ ಸುಮಾರು 8,000 ರೋಗಿಗಳಿಗೆ 250 ಕೋಟಿ ಡಾಲರ್ ರಾಜಿ ಆಯಿತು. ಆಸ್ಟ್ರೇಲಿಯಾದಲ್ಲಿ 2016ರಲ್ಲಿ 25 ಕೋಟಿ ಆಸ್ಟ್ರೇಲಿಯನ್ ಡಾಲರ್. ಆದರೆ ಬ್ರಿಟನ್ನಿನಲ್ಲಿ ಡಿಪ್ಯೂನ ಇನ್ನೊಂದು ಮಾದರಿ ಪಿನಾಕಲ್ ಬಗ್ಗೆ ಹೂಡಿದ ದಾವೆ 2018ರಲ್ಲಿ ಸೋತಿತು. ಇಂಪ್ಲಾಂಟ್ ಬೇಗ ಹಾಳಾಯಿತು ಅನ್ನುವುದಷ್ಟೇ ಕಾನೂನಿನ ಕಣ್ಣಿಗೆ ದೋಷ ಆಗುವುದಿಲ್ಲ, ಅದಕ್ಕೆ ಆ ಮಾದರಿಯ ಅಂಕಿಅಂಶ ಬೇಕು. ಬ್ರಿಟನ್ನಿನಲ್ಲಿ ವಸ್ತು ಮಾರುಕಟ್ಟೆಗೆ ಬಂದು ಹತ್ತು ವರ್ಷ ದಾಟಿದರೆ ಉತ್ಪನ್ನ ಹೊಣೆಗಾರಿಕೆಯ ಬಾಗಿಲೇ ಮುಚ್ಚುತ್ತದೆ.

ಆಸ್ಪತ್ರೆಗೆ ಬರೆಯಬೇಕಾದ ಪತ್ರದ ನಮೂನೆ

ಎಲ್ಲರೂ ಕೇಳುವುದು ಇದನ್ನೇ, ಹಾಗಾಗಿ ಪೂರ್ತಿ ಕೊಟ್ಟಿದ್ದೇನೆ. ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಮೊಹರು ಮತ್ತು ತಾರೀಖು ಹಾಕಿಸಿಕೊಳ್ಳಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ.

"ವೈದ್ಯಕೀಯ ಅಧೀಕ್ಷಕರಿಗೆ,
ನಾನು (ಹೆಸರು, ವಯಸ್ಸು), ನಿಮ್ಮ ಆಸ್ಪತ್ರೆಯಲ್ಲಿ (ತಿಂಗಳು, ವರ್ಷ) ಸೊಂಟದ ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದೇನೆ. ಒಳರೋಗಿ ಸಂಖ್ಯೆ (ಗೊತ್ತಿದ್ದರೆ). ಈ ಕೆಳಗಿನ ದಾಖಲೆಗಳ ದೃಢೀಕೃತ ನಕಲು ಬೇಕು: ಪೂರ್ಣ ಕೇಸ್ ಶೀಟ್, ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಇಂಪ್ಲಾಂಟಿನ ಎಲ್ಲ ಭಾಗಗಳ ಸ್ಟಿಕ್ಕರ್ ಇರುವ ಪುಟ, ಇಂಪ್ಲಾಂಟ್ ಖರೀದಿಯ ಬಿಲ್ಲು, ಎಕ್ಸ್‌ರೇಗಳು. 2002ರ ವೈದ್ಯಕೀಯ ನಡವಳಿಕೆ ನಿಯಮಗಳಂತೆ 72 ಗಂಟೆಯೊಳಗೆ ಕೊಡಬೇಕೆಂದು ಕೋರುತ್ತೇನೆ. ನಕಲಿನ ವೆಚ್ಚ ಭರಿಸುತ್ತೇನೆ. ಯಾವುದಾದರೂ ದಾಖಲೆ ಲಭ್ಯವಿಲ್ಲದಿದ್ದರೆ, ಯಾವುದು, ಯಾವಾಗ, ಏಕೆ ಎಂದು ಲಿಖಿತವಾಗಿ ತಿಳಿಸಿ.
ಸಹಿ, ವಿಳಾಸ, ಫೋನ್, ತಾರೀಖು."

ರೋಗಿಗೆ ಓಡಾಡಲು ಆಗದಿದ್ದರೆ ಇದರ ಕೆಳಗೇ "ನನ್ನ ಪರವಾಗಿ ನನ್ನ ಮಗಳು (ಹೆಸರು) ದಾಖಲೆ ಪಡೆಯಲು ಒಪ್ಪಿದ್ದೇನೆ" ಅಂತ ಒಂದು ಸಾಲು ಸೇರಿಸಿ, ಇಬ್ಬರೂ ಸಹಿ ಹಾಕಿ, ಇಬ್ಬರ ಗುರುತಿನ ಚೀಟಿಯ ನಕಲು ಲಗತ್ತಿಸಿ.